ಕಿರುಚಲಿಕ್ಕೊಂದು ಬೆಳಿಗ್ಗೆ

ಇಡೀ ಅಮ್ಯೂಸ್‌ಮೆಂಟ್ ಪಾರ್ಕನ್ನು ಒಂದೇ ಪಾರ್ಟಿಗೆ ಬಾಡಿಗೆಗೆ ಕೊಡುವುದು ಮೈಕ್ ಮೇಡಂ ಕೆಲಸ. ಮೈಕ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆಕೆ ಟಿಕೆಟ್ ಕೌಂಟರಿನಲ್ಲಿದ್ದ ಕಾಲದಲ್ಲಿ ಒಮ್ಮೆ ಕರೆಂಟು ಹೋಗಿ ಧ್ವನಿವರ್ಧಕ ಸತ್ತಿತ್ತು. ತಪ್ಪಿಸಿಕೊಂಡ ಮಗುವೊಂದು ಕೌಂಟರಿನ ಮುಂದೆ ಅಳುತ್ತಿತ್ತು. ಆಕೆ ಹೊರಗೆ ಬಂದು ಮಗುವಿನ ಅಂಗಿಯ ಬಣ್ಣ, ಚಪ್ಪಲಿಯ ಬಣ್ಣ, ಅಳುವ ರೀತಿ ಎಲ್ಲವನ್ನೂ ಬರಿಗಂಟಲಿನಲ್ಲಿ ಸಾರಿದಳು. ಪಾರ್ಕಿನ ಆ ತುದಿಯಲ್ಲಿ ನಿಶ್ಚಿಂತೆಯಿಂದ ಐಸ್‌ಕ್ರೀಮ್ ನೆಕ್ಕುತ್ತಿದ್ದ ಅಪ್ಪ ಅಲ್ಲಿಂದಲೇ ಬೆಚ್ಚಿ ಓಡಿಬಂದ. ಅಂದಿನಿಂದ ಈ ಹೆಸರು. ಎದುರಿಗೆ ಯಾರೂ ಅನ್ನುವುದಿಲ್ಲ, ಬೆನ್ನ ಹಿಂದೆ ಎಲ್ಲರೂ ಅನ್ನುತ್ತಾರೆ. ಆಕೆಗೂ ಗೊತ್ತು, ಗೊತ್ತಿಲ್ಲದವಳ ಹಾಗೆ ಇರುತ್ತಾಳೆ. ಹಾಗೆ ನೋಡಿದರೆ ಮನೆಯಲ್ಲಿ ಆಕೆಯದೇ ಮೆತ್ತಗಿನ ದನಿ. ಅತ್ತೆ ಬೇರೆ ಊರಿನ ಮಗಳ ಜೊತೆ ಮಾತಾಡುವಾಗ ಕೈಯಲ್ಲಿ ಫೋನು ಹಿಡಿಯುವುದು ಬರೀ ಶಾಸ್ತ್ರಕ್ಕೆ ಎಂದು ಅತ್ತೆಯ ಸ್ವಂತ ಮಗನೇ ಹೇಳುತ್ತಾನೆ.

ಪಾರ್ಕನ್ನು ಬಾಡಿಗೆಗೆ ಹಿಡಿಯುವವರಲ್ಲಿ ಬಗೆಬಗೆಯವರು. ಸಂಬಳ ಏರಿಸುವ ಬದಲು ನೌಕರರನ್ನೇ ಒಮ್ಮೆ ಏರಿಸಿ ಇಳಿಸಿದರಾಯಿತು ಎಂದುಕೊಂಡ ಕಂಪನಿಗಳು. ಮಗನ ಹುಟ್ಟುಹಬ್ಬಕ್ಕೆಂದು ಹಿಡಿದು, ಬಂದ ಮೊದಲ ಗಳಿಗೆಯಲ್ಲೇ ಮಿಠಾಯಿ ಗಾಡಿಗೆ ಬೀಗ ಜಡಿಸಿದ ಹಲ್ಲಿನ ಡಾಕ್ಟರು. ಮದುವೆಗೆ ಮುಂಚಿನ ಫೋಟೋಗೆಂದು ಬಂದು, ಜಾರುಬಂಡೆಯ ನೀರು ತಮ್ಮ ಉಡುಪಿಗೆ ಹೊಂದುವ ನೀಲಿಯಲ್ಲ ಎಂದು ಮುನಿಸಿಕೊಂಡ ಜೋಡಿ. ಎಲ್ಲರ ಬೇಡಿಕೆಯೂ ಒಂದೇ: ನಮ್ಮವರನ್ನು ಬಿಟ್ಟು ಒಂದು ನರಪಿಳ್ಳೆಯೂ ಒಳಗಿರಕೂಡದು. ಸ್ವಲ್ಪ ಹೊತ್ತಾದ ಮೇಲೆ ಎಲ್ಲರ ದೂರೂ ಒಂದೇ: ಏನೋ ಬಿಕೋ ಅನ್ನುತ್ತಿದೆಯಲ್ಲ. ಜನ ಇರಬಾರದು, ಆದರೆ ಗೇಟಿನ ಆಚೆ ನಿಂತು ಕರುಬಲಿಕ್ಕೆ ಇರಬೇಕು. ಇಷ್ಟು ತಿಳಿದ ಮೇಲೆ ಈ ಕೆಲಸದಲ್ಲಿ ಕಲಿಯುವುದು ಏನೂ ಉಳಿದಿಲ್ಲ ಎಂದು ಮೈಕ್ ಮೇಡಂ ತೀರ್ಮಾನಿಸಿದ್ದಳು. ಹಾಗೆ ತೀರ್ಮಾನಿಸಿದ ವಾರದಲ್ಲೇ ಲೈಬ್ರರಿ ಅಮ್ಮ ಬಂದರು.

ಬಂದದ್ದು ಯಾವಾಗ ಎಂದು ಮೇಡಂಗೆ ಗೊತ್ತೇ ಆಗಲಿಲ್ಲ. ಟಿಕೆಟ್ ಕೌಂಟರುಗಳ ಬೆನ್ನಿಗಿರುವ ಆಕೆಯ ಕೋಣೆಯ ಬಾಗಿಲು ತೆರೆದರೆ ಕಿರ್ರೆನ್ನುತ್ತದೆ, ಕುರ್ಚಿ ಎಳೆದರೆ ಅದಕ್ಕಿಂತ ಜೋರಾಗಿ ಅರಚುತ್ತದೆ. ಎರಡನ್ನೂ ಬಾಯಿ ಬಿಡಿಸದೆ ಒಬ್ಬ ಹೆಂಗಸು ಒಳಗೆ ಬಂದು ಕೂತಿದ್ದರು. ಅರವತ್ತು ದಾಟಿದವರು, ಕೊರಳಿಗೆ ದಾರ ಕಟ್ಟಿದ ಕನ್ನಡಕ, ತೊಡೆಯ ಮೇಲೆ ಬಟ್ಟೆಯ ಚೀಲ. ಮೇಜಿನ ಮೇಲಿದ್ದ ಪಾರ್ಕಿನ ಪುಟ್ಟ ಮಾದರಿಯಲ್ಲಿ ಜೈಂಟ್ ವೀಲು ಯಾವತ್ತೋ ಮುರಿದು, ಅದರ ಜಾಗದಲ್ಲಿ ಯಾರೋ ಬಳೆಯೊಂದನ್ನು ನಿಲ್ಲಿಸಿದ್ದರು. ಅವರು ಅದನ್ನೇ ನೋಡುತ್ತಿದ್ದರು.

“ಪಾರ್ಕು ಬೇಕಿತ್ತು,” ಎಂದರು. ಮಾತಾಡಿದರು ಎನ್ನುವುದಕ್ಕಿಂತ ಉಸಿರಿಗೆ ಅಕ್ಷರ ಹಚ್ಚಿದರು ಎನ್ನಬೇಕು.

ಪಿಸುಮಾತು ಆಕಳಿಕೆಯ ಹಾಗೆ, ಎದುರಿಗಿದ್ದವರಿಗೂ ಅಂಟುತ್ತದೆ. ಮೈಕ್ ಮೇಡಂ ಕೂಡ ಮುಂದೆ ಬಾಗಿ ಪಿಸುಗುಟ್ಟಿದಳು.

“ಎಷ್ಟು ಜನ ಬರ್ತೀರಮ್ಮ?”

“ನಾನು.”

“ನೀವು ಸರಿ. ಮತ್ತೆ?”

“ನಾನೇ.”

“ಒಬ್ಬರೇನಾ? ಯಾಕೆ ಅಂತ ಕೇಳಬಹುದಾ?”

“ಕಿರುಚೋಕೆ,” ಎಂದರು ಅವರು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಬಾಗಿಲ ಕಡೆ ನೋಡಿ.

ಕತೆ ಮೆಲ್ಲಗೆ ಹೊರಬಿತ್ತು. ಮೆಲ್ಲಗೆ ಅಲ್ಲದೆ ಅವರ ಬಾಯಿಂದ ಏನೂ ಹೊರಬೀಳುವಂತಿರಲಿಲ್ಲ. ಅವರು ಓದುವ ವಯಸ್ಸು ಮುಗಿದ ಕೂಡಲೇ ಒಂದು ದೊಡ್ಡ ಲೈಬ್ರರಿಗೆ ಸೇರಿ, ನಿವೃತ್ತಿಯಾಗುವ ತನಕ ಅಲ್ಲೇ ಇದ್ದವರು. ಇನ್ನೊಬ್ಬರ ಬಾಯಿ ಮುಚ್ಚಿಸುವುದೇ ಉದ್ಯೋಗ. ಸಂಜೆ ಮನೆಗೆ ಬಂದರೆ ಅಲ್ಲಿ ಇನ್ನೊಂದು ಲೈಬ್ರರಿ. ಗಂಡನಿಗೆ ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ರಾತ್ರಿಪಾಳಿ. ಹಗಲೆಲ್ಲ ನಿದ್ದೆ. ಮಕ್ಕಳಿಬ್ಬರೂ ಹುಟ್ಟಿದಂದಿನಿಂದ ಪಿಸುಗುಟ್ಟಿಯೇ ಬೆಳೆದವರು. ಪಿಸುಮಾತಿನಲ್ಲೇ ಹಟ, ಪಿಸುಮಾತಿನಲ್ಲೇ ಜಗಳ. ಮನೆಯಲ್ಲಿ ಒಗ್ಗರಣೆ ಸಿಡಿದರೂ ಯಾರಾದರೊಬ್ಬರು ಅದರ ಮೇಲೆ ತಟ್ಟೆ ಮುಚ್ಚಬೇಕು.

“ಅವರಿಗೆ ಈಗಲೂ ರಾತ್ರಿಪಾಳೀನಾ?”

“ಬಿಟ್ಟು ಎಷ್ಟೋ ವರ್ಷ ಆಯ್ತು. ನಿದ್ದೆಗೆ ಇನ್ನೂ ಗೊತ್ತಾಗಿಲ್ಲ.”

ಮೈಕ್ ಮೇಡಂಗೆ ನಗು ಬಂತು. ಅವರೂ ನಕ್ಕರು, ಸದ್ದಿಲ್ಲದೆ, ಭುಜ ಮಾತ್ರ ಕುಣಿಸಿ. ಆಮೇಲೆ ಚೀಲದ ಹಿಡಿಯನ್ನು ಎರಡು ಸಲ ಸುತ್ತಿ ಬಿಚ್ಚಿ, ಬಂದ ವಿಷಯಕ್ಕೆ ಬಂದರು. ಹೋದ ತಿಂಗಳು ಮೊಮ್ಮಗಳು ಬೀದಿಯಲ್ಲಿ ಕೂತು ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದಳು. ನೀರಿನ ಟ್ಯಾಂಕರೊಂದು ಹಿಂದಕ್ಕೆ ಬರುತ್ತಿತ್ತು. ಇವರು ಮಹಡಿಯ ಮೇಲೆ ಬಟ್ಟೆ ಹರವುತ್ತ ಅದನ್ನು ನೋಡಿದರು.

“ಬಾಯಿ ತೆಗೆದೆ ಕಣಮ್ಮ. ಪೂರ್ತಿ ತೆಗೆದೆ. ಬರೀ ಗಾಳಿ ಬಂತು.”

“ಅಯ್ಯೋ. ಮಗು?”

“ಬೀದಿನಾಯಿ ಬೊಗಳ್ತು, ಡ್ರೈವರ್ ನಿಲ್ಲಿಸಿದ. ಮಗುಗೆ ಏನೂ ಆಗಲಿಲ್ಲ, ಅದು ಚಿತ್ರ ಬರೀತಾನೇ ಇತ್ತು. ಆದ್ರೆ ನಾಯಿಗಿದ್ದ ಗಂಟಲು ನನಗಿರಲಿಲ್ಲ ನೋಡಿ. ಅವತ್ತಿಂದ ಒಂದೇ ಯೋಚನೆ. ನನ್ನೊಳಗೆ ಆ ಕಿರುಚಾಟ ಅನ್ನೋದು ಇದೆಯೋ, ಇಲ್ಲ ಬತ್ತಿಹೋಗಿದೆಯೋ? ಬಚ್ಚಲಲ್ಲಿ ನಲ್ಲಿ ಬಿಟ್ಟು ಪ್ರಯತ್ನ ಮಾಡಿದೆ. ನಲ್ಲಿ ಸದ್ದೇ ಜಾಸ್ತಿ. ಬೇಕು ಅಂತ ಕೂತ್ರೆ ಬರಲ್ಲ, ತಾನಾಗೇ ಕಿತ್ಕೊಂಡು ಬರಬೇಕು. ನಿಮ್ಮಲ್ಲಿ ಒಂದು ರೈಲಿದೆಯಂತಲ್ಲ, ಎಂಥವರನ್ನೂ ಕಿರುಚಿಸುತ್ತೆ ಅಂತ.”

“ಹಾವುರಾಣಿ. ಆದ್ರೆ ಅದಕ್ಕೆ ಇಡೀ ಪಾರ್ಕು ಯಾಕಮ್ಮ? ಯಾವುದಾದ್ರೂ ದಿನ ಟಿಕೆಟ್ ತಗೊಂಡು ಬನ್ನಿ.”

“ಬಂದು, ಕೂತು, ಎಲ್ಲರೂ ಕಿರುಚಿ ನಾನೊಬ್ಬಳೇ ಗಾಳಿ ಬಿಟ್ಟರೆ?” ಅವರು ಕನ್ನಡಕ ತೆಗೆದು ಒರೆಸಿದರು. “ಇಲ್ಲ ಅನ್ನೋದಾದ್ರೆ ಅದನ್ನ ನಾನೊಬ್ಬಳೇ ತಿಳ್ಕೋತೀನಿ. ಜನರ ಮಧ್ಯೆ ಬೇಡ.”

ಅದು ಗಿರಾಕಿಗಳು ಕಡಿಮೆ ಇರುವ ಕಾಲ. ವಾರದ ರಜೆಯ ದಿನ ಬೆಳಿಗ್ಗೆ ಹೇಗೂ ಯಂತ್ರಗಳನ್ನು ಓಡಿಸಿ ಪರೀಕ್ಷೆ ಮಾಡುತ್ತಾರೆ, ಅದರ ಬೆನ್ನಿಗೇ ಇವರನ್ನು ಕೂರಿಸಿದರಾಯಿತು ಎಂದು ಮೈಕ್ ಮೇಡಂ ಲೆಕ್ಕ ಹಾಕಿದಳು. ಡಾಕ್ಟರ ಅನುಮತಿ ಬೇಕಲ್ಲ ಎಂದರೆ ಚೀಲದಿಂದ ಅದೂ ಹೊರಬಂತು. ಹಾವುರಾಣಿಯ ಮೇಲಿನ ಕ್ಯಾಮೆರಾಗಳನ್ನು ಆರಿಸಬೇಕು, ಹಳಿಯ ಹತ್ತಿರ ಯಾರೂ ನಿಲ್ಲಬಾರದು, ಹತ್ತುವಾಗ ಯಾರೂ ‘ಹುಷಾರು ಅಜ್ಜಿ’ ಅನ್ನಬಾರದು. ಇಷ್ಟು ಅವರ ಷರತ್ತು. ದೊಡ್ಡ ದೊಡ್ಡ ಕಂಪನಿಗಳು ಇದರ ಹತ್ತರಷ್ಟು ಕೇಳಿ ಕಿತ್ತಾಡುತ್ತಿದ್ದವು. ಮೇಡಂ ಒಪ್ಪಿಕೊಂಡಳು. ಅವರು ಎದ್ದು ಹೋದದ್ದೂ ಗೊತ್ತಾಗಲಿಲ್ಲ.

ತೊಡಕು ಒಂದೇ ಇತ್ತು, ಅದು ಬೀಗರದ್ದು.

ಹಾವುರಾಣಿ ಎಂಬ ಆ ರೋಲರ್ ಕೋಸ್ಟರ್ ಖಾಲಿ ಓಡುವ ಪೈಕಿಯದಲ್ಲ. ಭಾರ ಸಾಲದಿದ್ದರೆ, ಅದರಲ್ಲೂ ಗಾಳಿಯಿರುವ ದಿನ, ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಹಟಹಿಡಿದ ಕೋಣದ ಹಾಗೆ ನಿಂತುಬಿಡುತ್ತದೆ. ಅದಕ್ಕೆಂದೇ ಹಳದಿ ಪ್ಲಾಸ್ಟಿಕ್ಕಿನ ಗೊಂಬೆಗಳಿವೆ. ಕೈಕಾಲಿಲ್ಲ, ಮುಖ ಮೊದಲೇ ಇಲ್ಲ, ಎದೆಯಿಂದ ಸೊಂಟದವರೆಗಿನ ಒಂದು ದೇಹ, ಅದರೊಳಗೆ ನೀರು. ಪರೀಕ್ಷೆಯ ದಿನ ಅವನ್ನೇ ಸೀಟುಗಳಲ್ಲಿ ಕೂರಿಸಿ ಬೆಲ್ಟ್ ಬಿಗಿಯುವುದು ವಾಡಿಕೆ. ಕೂರಿಸಿದಲ್ಲಿ ಗಟ್ಟಿಯಾಗಿ ಕೂರುತ್ತವೆ, ಏನು ಮಾಡಿದರೂ ಮುಖ ಅರಳಿಸುವುದಿಲ್ಲ, ಎಬ್ಬಿಸುವುದು ಕಷ್ಟ ಎಂಬ ಕಾರಣಕ್ಕೆ ಮೆಕ್ಯಾನಿಕ್ಕು ಅವುಗಳಿಗೆ ಬೀಗರು ಎಂದು ಹೆಸರಿಟ್ಟಿದ್ದ. ಅವನ ಮಗಳ ಮದುವೆ ಅದೇ ವರ್ಷ ಆಗಿತ್ತು.

“ಒಬ್ಬ ಅಮ್ಮ, ಉಳಿದ ಸೀಟೆಲ್ಲ ಬೀಗರು,” ಎಂದಳು ಮೈಕ್ ಮೇಡಂ. “ಹಿಂದೂ ಮುಂದೂ ಭರ್ತಿ ಕೂರಿಸಿ. ಅವರು ಕಾಣಿಸಲೇಬಾರದು.”

“ಕ್ಯಾಮೆರಾನೂ ಆಫು ಅಂತೀರಿ,” ಎಂದ ಆಪರೇಟರ್. ಹಾವುರಾಣಿಯ ಕ್ಯಾಬಿನ್ನಿನಲ್ಲಿ ಅವನು ಕೂತಿದ್ದು ಅದು ಹುಟ್ಟಿದಂದಿನಿಂದ. ತೆಳ್ಳಗೆ, ಉದ್ದಕ್ಕೆ, ಸದಾ ತಲೆ ಒಂದು ಕಡೆ ವಾಲಿಸಿಕೊಂಡಿರುವ ಮನುಷ್ಯ. “ನನಗೇನು, ಅದು ಇದ್ರೂ ನಾನು ನೋಡಲ್ಲ. ನನಗೆ ಕಿವಿ ಸಾಕು.”

ಅದು ಜಂಬವಲ್ಲ. ಮೊದಲ ಇಳಿಜಾರಿನಲ್ಲಿ ‘ಅಯ್ಯೋ’ ಬರಬೇಕು, ತಿರುವಿನಲ್ಲಿ ‘ಅಮ್ಮಾ’, ಎರಡನೇ ದಿಬ್ಬದ ಹೊತ್ತಿಗೆ ಅಕ್ಷರ ಹೋಗಿ ಬರೀ ಸ್ವರ ಉಳಿದಿರಬೇಕು. ಹಾಗಿದ್ದರೆ ಎಲ್ಲ ಕ್ಷೇಮ. ಕಿರುಚಾಟ ನಿಂತಿತೆಂದರೆ ಯಾರಿಗೋ ಏನೋ ಆಗಿದೆ, ಬ್ರೇಕು ಹಾಕು. ಇದು ಅವನ ಶಾಸ್ತ್ರ. ಈ ಶಾಸ್ತ್ರದಿಂದ ಅವನು ಮೂರ್ಛೆ ಹೋದ ಎಷ್ಟೋ ಮಂದಿಯನ್ನು ಕ್ಯಾಮೆರಾಗಿಂತ ಮುಂಚೆ ಹಿಡಿದಿದ್ದ.

“ಯಾರು ಮೇಡಂ ಇವರು? ಯಾಕೆ ಒಬ್ಬರೇ?”

ಮೈಕ್ ಮೇಡಂ ಇಲ್ಲೇ ಎಡವಿದ್ದು. ಅಮ್ಮನ ಕತೆಯನ್ನೆಲ್ಲ ಬೀದಿಗೆ ಹಾಕುವುದು ಬೇಡವೆಂದು ಅರ್ಧವನ್ನಷ್ಟೇ ಹೇಳಿದಳು.

“ಕಿರುಚೋದಕ್ಕೇ ಬರ್ತಿದ್ದಾರೆ,” ಎಂದಳು.

ಆಪರೇಟರ್ ತಲೆಯನ್ನು ಇನ್ನಷ್ಟು ವಾಲಿಸಿ, ಇಂಥ ಗಿರಾಕಿಗಾಗಿಯೇ ಕಾದಿದ್ದವನ ಹಾಗೆ ಕಣ್ಣರಳಿಸಿದ.

ಆ ದಿನ ಬೆಳಿಗ್ಗೆ ಎಳೆಬಿಸಿಲು, ಒಳ್ಳೆಯ ಗಾಳಿ. ಕುದುರೆ ಚಕ್ರದ ಕುದುರೆಗಳೆಲ್ಲ ಮುಸುಕು ಹೊದ್ದು ನಿಂತಿದ್ದವು. ಗುಡಿಸುವವರು ಕಾಣದ ಕಡೆ ಗುಡಿಸುತ್ತಿದ್ದರು. ಲೈಬ್ರರಿ ಅಮ್ಮ ಕ್ಯಾನ್ವಾಸ್ ಬೂಟು ಹಾಕಿ, ಕೂದಲನ್ನು ಬಿಗಿಯಾಗಿ ಕಟ್ಟಿ ಬಂದಿದ್ದರು. ಸೀಟುಗಳಲ್ಲಿ ಸಾಲಾಗಿ ಕೂತ ಬೀಗರನ್ನು ಕಂಡು ಒಂದು ಕ್ಷಣ ನಿಂತರು.

“ಗಲಾಟೆ ಮಾಡದ ಜನ,” ಎಂದು ಪಿಸುಗುಟ್ಟಿದರು. “ನನ್ನ ಓದುಗರು ಹೀಗಿದ್ದಿದ್ರೆ.”

ಮೆಕ್ಯಾನಿಕ್ಕು ಬೆಲ್ಟು ಬಿಗಿದು, ಕಬ್ಬಿಣದ ಪಟ್ಟಿಯನ್ನು ಎದೆಗೆ ಇಳಿಸಿ ಕೊಟ್ಟ. ಷರತ್ತಿನ ಪ್ರಕಾರ ಎಲ್ಲರೂ ದೂರ ಸರಿದರು. ಅಷ್ಟರಲ್ಲಿ ಗೇಟಿನ ಕಾವಲುಗಾರ ವಾಕಿಟಾಕಿಯಲ್ಲಿ ಮೈಕ್ ಮೇಡಂಳನ್ನು ಕರೆದ. ಯಾರೋ ಗಂಡಸು ಹೆಂಗಸು ಬಂದು ಗೇಟಿನ ಮುಂದೆ ಬಾಯಿ ಆಡಿಸುತ್ತಿದ್ದಾರೆ, ಏನು ಹೇಳುತ್ತಿದ್ದಾರೋ ಕೇಳಿಸುತ್ತಿಲ್ಲ ಎಂದ.

ಯಾರೆಂದು ಮೇಡಂಗೆ ಹೊಳೆಯಿತು. ಆಕೆ ಗೇಟಿಗೆ ಹೋದಾಗ ಅಣ್ಣ ತಂಗಿ ಇಬ್ಬರೂ ಕಂಬಿ ಹಿಡಿದು ನಿಂತಿದ್ದರು. ಇಬ್ಬರಿಗೂ ನಲವತ್ತರ ಆಚೀಚೆ. ಇಬ್ಬರ ಮುಖವೂ ಕೆಂಪಗಾಗಿತ್ತು. ಇಬ್ಬರೂ ಕೂಗಾಡುತ್ತಿದ್ದರು. ಆದರೆ ಕೂಗಾಟದಲ್ಲಿ ಕೂಗೊಂದನ್ನು ಬಿಟ್ಟು ಎಲ್ಲ ಇತ್ತು: ಉಬ್ಬಿದ ನರ, ಬೀಸುವ ಕೈ, ತೋರುಬೆರಳು. ಧ್ವನಿ ಮಾತ್ರ ರೋಗಿಯ ಹಾಸಿಗೆಯ ಪಕ್ಕದ್ದು.

“ನಮ್ಮಮ್ಮ ಒಳಗಿದ್ದಾರೆ,” ಎಂದಳು ಮಗಳು. “ದಯವಿಟ್ಟು ಹತ್ತಿಸಬೇಡಿ.”

“ಇವತ್ತು ಪಾರ್ಕು ಖಾಸಗಿ. ಹಿಡಿದವರು ಯಾರನ್ನೂ ಬಿಡಬೇಡಿ ಅಂದಿದ್ದಾರೆ,” ಎಂದಳು ಮೈಕ್ ಮೇಡಂ.

“ಹಿಡಿದಿರೋದೇ ನಮ್ಮಮ್ಮ.”

“ಹಾಗಾದ್ರೆ ಅವರ ಮಾತೇ ನಡೀಬೇಕಲ್ಲ.”

“ಅವರಿಗೆ ಬಿಪಿ ಇದೆ ಮೇಡಂ,” ಎಂದ ಮಗ. “ವಯಸ್ಸಾಗಿದೆ. ನಿಮಗೆ ಯಾರು ಹೇಳಿದ್ರು ಅವರು ಸರಿಯಾಗಿದ್ದಾರೆ ಅಂತ?”

“ಡಾಕ್ಟ್ರು.”

“ನಿಮಗೆ ಹೇಗೆ ಗೊತ್ತಾಯ್ತು?” ಎಂದೂ ಮೇಡಂ ಕೇಳಿದಳು, ಹೊತ್ತು ತಳ್ಳಲಿಕ್ಕೆ. ಅಮ್ಮ ಡಾಕ್ಟರ ಜೊತೆ ಫೋನಿನಲ್ಲಿ ಪಿಸುಗುಟ್ಟಿದ್ದು ಮಲಗಿದ್ದ ಅಪ್ಪನಿಗೆ ಕೇಳಿಸಿತ್ತಂತೆ. ಆ ಮನುಷ್ಯನ ಪಕ್ಕದಲ್ಲಿ ಪಾತ್ರೆ ಬಿದ್ದರೆ ಹೊರಳುವುದಿಲ್ಲ, ಪಿಸುಗುಟ್ಟಿದರೆ ಮಾತ್ರ ಎಚ್ಚರ. ಇಷ್ಟು ವರ್ಷದ ಅಭ್ಯಾಸಕ್ಕೆ ನಿದ್ದೆಗೂ ಒಂದು ಕಿವಿ ಮೂಡಿತ್ತು.

“ಎಲ್ಲ ನಿನ್ನಿಂದ,” ಎಂದು ಮಗಳು ಅಣ್ಣನ ಮೇಲೆ ತಿರುಗಿದಳು. “ಅಮ್ಮನ್ನ ಎಲ್ಲಾದ್ರೂ ಸುತ್ತಾಡಿಸಬೇಕು ಅಂತ ನೀನು ಹೇಳ್ತಾನೇ ಇದ್ದೆ, ಹೇಳಿದ್ದಷ್ಟೇ.”

“ನೀನೇನು ಕರ್ಕೊಂಡು ಹೋಗಿ ಬಂದುಬಿಟ್ಟಿದ್ದೀಯ. ಜನ ಕೇಳಿದ್ರೆ ಏನಂತಾರೆ? ಲೈಬ್ರರಿಯವರು ತಲೆ ಕೆಟ್ಟು ರೈಲು ಹತ್ತಿದ್ರು ಅಂತಾರೆ.”

“ಮೆತ್ತಗೆ ಮಾತಾಡು.”

“ಮೆತ್ತಗೇ ಮಾತಾಡ್ತಿದೀನಿ.”

ಮೈಕ್ ಮೇಡಂ ಕಂಬಿಗೆ ಕಿವಿ ಒತ್ತಿ ನಿಂತಳು. ಇಷ್ಟು ಚೊಕ್ಕವಾದ ಜಗಳವನ್ನು ಆಕೆ ಜನ್ಮದಲ್ಲಿ ಕಂಡಿರಲಿಲ್ಲ. ತನ್ನ ಮನೆಯಲ್ಲಾಗಿದ್ದರೆ ಈ ಹೊತ್ತಿಗೆ ಅಕ್ಕಪಕ್ಕದವರು ಬಂದು ಪಕ್ಷ ಹಂಚಿಕೊಂಡಾಗಿರುತ್ತಿತ್ತು. ಅಷ್ಟರಲ್ಲಿ ದೂರದಿಂದ ಕಟಕಟ ಸದ್ದು ಕೇಳಿಸಿತು. ಹಾವುರಾಣಿಯನ್ನು ಮೊದಲ ದಿಬ್ಬಕ್ಕೆ ಎಳೆದೊಯ್ಯುವ ಸರಪಳಿ. ಮಕ್ಕಳಿಬ್ಬರೂ ಮಾತು ನಿಲ್ಲಿಸಿ ಮೇಲೆ ನೋಡಿದರು. ಹಳದಿ ಬೀಗರ ಸಾಲು ಬಿಸಿಲಲ್ಲಿ ಹೊಳೆಯುತ್ತ ಏರುತ್ತಿತ್ತು. ನಡುವೆಲ್ಲೋ ಅಮ್ಮ ಇರಬೇಕು, ಕಾಣಲಿಲ್ಲ.

ಮಗಳ ಮುಖ ಹಾಳೆಯ ಹಾಗೆ ಬಿಳುಪೇರಿತು. ಅದನ್ನು ನೋಡಿ ಮೈಕ್ ಮೇಡಂಗೆ ಗೇಟಿನ ಈ ಕಡೆ ನಿಲ್ಲುವ ಧೈರ್ಯ ಉಳಿಯಲಿಲ್ಲ. ಷರತ್ತು ಮುರಿಯಿತು ಎಂದುಕೊಳ್ಳುತ್ತಲೇ ಚಿಲಕ ತೆಗೆದಳು. ಮೂವರೂ ಓಡಿದರು.

ರೈಲು ನೆತ್ತಿಯಲ್ಲಿ ಒಂದು ಗಳಿಗೆ ತೂಗಾಡಿ, ಕೆಳಗೆ ಧುಮುಕಿತು. ಚಕ್ರದ ಸದ್ದು, ಗಾಳಿಯ ಸದ್ದು. ‘ಅಯ್ಯೋ’ ಬರಲಿಲ್ಲ. ತಿರುವಿನಲ್ಲಿ ಬೀಗರೆಲ್ಲ ಒಟ್ಟಿಗೆ ಎಡಕ್ಕೆ ವಾಲಿದರು. ‘ಅಮ್ಮಾ’ ಬರಲಿಲ್ಲ. ಎರಡನೇ ದಿಬ್ಬ ಏರುವಾಗ ಇಡೀ ಪಾರ್ಕಿನಲ್ಲಿ ಹಳಿಯ ಗಡಗಡ ಬಿಟ್ಟರೆ ಒಂದು ಸೊಲ್ಲಿಲ್ಲ. ಬಂದಿಲ್ಲ, ಪಾಪ, ಎಂದುಕೊಂಡಳು ಮೈಕ್ ಮೇಡಂ. ಆಗ ದಿಬ್ಬದ ತುದಿಯಲ್ಲಿ ಬ್ರೇಕು ಕಿರ್ರೆಂದಿತು. ರೈಲು ಆಕಾಶದ ಅಂಚಿನಲ್ಲಿ ನಿಂತುಬಿಟ್ಟಿತು.

ಕ್ಯಾಬಿನ್ನಿನಿಂದ ಆಪರೇಟರ್ ಹೊರಗೆ ಬಂದ, ಬೆವರಿಳಿಸುತ್ತ.

“ಯಾಕ್ರೀ ನಿಲ್ಲಿಸಿದ್ದು?”

“ಒಂದು ಚೂರೂ ಸದ್ದಿಲ್ಲ ಮೇಡಂ. ಕಿರುಚೋದಕ್ಕೇ ಬಂದಿದ್ದಾರೆ ಅಂತ ನೀವೇ ಹೇಳಿದ್ರಿ. ಕಿರುಚೋಕೆ ಬಂದವರು ಕಿರುಚದೆ ಇದ್ರೆ ಏನರ್ಥ?”

ನಡುವೆ ನಿಲ್ಲಿಸಿದ ರೈಲನ್ನು ಮತ್ತೆ ಬಿಡಬೇಕಾದರೆ ನಿಯಮವೊಂದಿತ್ತು. ಕೂತವರು ಕ್ಷೇಮ ಎಂದು ತಾವೇ ತಿಳಿಸಬೇಕು. ಇಲ್ಲವಾದರೆ ಮೆಕ್ಯಾನಿಕ್ಕು ಹಳಿಯ ಪಕ್ಕದ ಮೆಟ್ಟಿಲು ಹತ್ತಿ ಹೋಗಿ, ಕೈಹಿಡಿದು ನಡೆಸಿಕೊಂಡು ಬರುತ್ತಾನೆ, ಅವರಿಗೆ ಆ ದಿನದ ಸವಾರಿ ಮುಗಿದ ಹಾಗೆ. ಕ್ಯಾಮೆರಾ ಆರಿತ್ತು. ಕೈ ಬೀಸಿದರೂ ಮುಂದೆ ಹಿಂದೆ ಬೀಗರು ಅಡ್ಡ. ಹೇಳುವುದಿದ್ದರೆ ಬಾಯಿಂದಲೇ ಹೇಳಬೇಕು.

“ಅಮ್ಮಾ, ಹುಷಾರಾಗಿದ್ದೀರಾ? ಒಂದು ಸಲ ಕೂಗಿ,” ಎಂದು ಮೈಕ್ ಮೇಡಂ ತನ್ನ ಹೆಸರಿಗೆ ತಕ್ಕ ಗಂಟಲಿನಲ್ಲಿ ಕರೆದಳು. ಮುಸುಕಿನ ಕುದುರೆಗಳ ಹತ್ತಿರ ಪಾರಿವಾಳಗಳು ಎದ್ದು ಹಾರಿದವು. ಮೇಲಿನಿಂದ ಗಾಳಿಯ ಸದ್ದಷ್ಟೇ ಬಂತು.

“ನೀವು ಕರೀರಿ. ಮಕ್ಕಳ ದನಿ ಕೇಳಿದ್ರೆ ಉತ್ತರ ಕೊಟ್ಟಾರು,” ಎಂದಳು ಮಗಳಿಗೆ.

ಮಗಳು ಬಾಯಿ ತೆರೆದಳು. ಕೊರಳಿನ ನರಗಳು ಎದ್ದವು. “ಅಮ್ಮ,” ಎಂದಳು. ಪಕ್ಕದಲ್ಲಿದ್ದ ಮೈಕ್ ಮೇಡಂಗೆ ಕೇಳಿಸಿತು, ಕಷ್ಟಪಟ್ಟು. ಮಗಳು ತನ್ನ ಗಂಟಲನ್ನೇ ಕೈಯಿಂದ ಮುಟ್ಟಿ ನೋಡಿಕೊಂಡಳು. ಅಣ್ಣ ಬೇರೆ ಕಡೆ ನೋಡಿದ. ಅವನು ಪ್ರಯತ್ನವನ್ನೂ ಮಾಡಲಿಲ್ಲ.

“ಇಳಿಸಿಬಿಡಿ,” ಎಂದ ಕೊನೆಗೆ. “ಸಾಕು. ಮೆಟ್ಟಿಲಲ್ಲೇ ಕರ್ಕೊಂಡು ಬನ್ನಿ.”

ಮೆಕ್ಯಾನಿಕ್ಕು ಮೆಟ್ಟಿಲು ಹತ್ತತೊಡಗಿದ. ಅವನಿಗೆ ಮಂಡಿನೋವು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಕೆಳಗೆ ಮೈಕ್ ಮೇಡಂ ವಾಕಿಟಾಕಿ ಹಿಡಿದು ನಿಂತಳು. ಕೊಟ್ಟ ಮಾತೆಲ್ಲ ಮಣ್ಣುಪಾಲಾಗಿತ್ತು. ಯಾರೂ ನೋಡಬಾರದು ಎಂದವರನ್ನು ಈಗ ಹೆತ್ತ ಮಕ್ಕಳು, ಆಪರೇಟರ್, ಪೊರಕೆ ಹಿಡಿದು ಓಡಿಬಂದ ಗುಡಿಸುವವರು ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಅವರು ಒಬ್ಬ ಗಂಡಸಿನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ, ತಮ್ಮೊಳಗೆ ಗಾಳಿ ಬಿಟ್ಟು ಏನೂ ಇಲ್ಲ ಎಂಬುದು ಖಚಿತವಾಗಿ. ಮಗ ಭುಜ ಹಿಡಿದು ಮನೆಗೆ ಕರೆದೊಯ್ಯುತ್ತಾನೆ. ಇನ್ನು ಮೇಲೆ ಅವರು ಬಚ್ಚಲಿನ ನಲ್ಲಿಯ ಮುಂದೆಯೂ ಬಾಯಿ ತೆರೆಯಲಿಕ್ಕಿಲ್ಲ.

ವಾಕಿಟಾಕಿ ಕರಕರ ಎಂದಿತು. ಮೆಕ್ಯಾನಿಕ್ಕು ಮೇಲೆ ತಲುಪಿದ್ದ. ಗುಂಡಿ ಒತ್ತಿ ಹಿಡಿದೇ ಮಾತಾಡುವ ಅಭ್ಯಾಸ ಅವನದು.

“ಅಮ್ಮನೋರು ಚೆನ್ನಾಗೇ ಇದ್ದಾರೆ ಮೇಡಂ, ಕಣ್ಣು ಬಿಟ್ಟಿದ್ದಾರೆ. ಬನ್ನಿ ಅಮ್ಮ, ನಿಧಾನಕ್ಕೆ ಇಳಿಯೋಣ. ಮಕ್ಕಳು ಕಾಯ್ತಿದ್ದಾರೆ.”

ಗಾಳಿಯ ಸದ್ದು.

“ಏನಂದ್ರಿ?”

ಮತ್ತೆ ಗಾಳಿ.

“ಗಾಳೀಲಿ ಕೇಳಿಸ್ತಿಲ್ಲ ಅಮ್ಮ. ಪಟ್ಟಿ ಎತ್ತಲಾ? ಕೈ ಕೊಡಿ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ನಿಮಗೆ ಇದೆಲ್ಲ. ಹಾಂ? ಏನು?”

“ಬರಲ್ಲ.”

ಇದು ವಾಕಿಟಾಕಿಯಲ್ಲಿ ಸಣ್ಣಗೆ, ಎಲ್ಲೋ ಆಳದಿಂದ ಕೇಳಿಸಿತು.

“ಏನು ಬರಲ್ಲ? ಕಾಲು ಬರಲ್ವಾ? ಜೋಮು ಹಿಡಿದಿದೆಯಾ?”

“ಬರಲ್ಲಾ!”

ಇದಕ್ಕೆ ವಾಕಿಟಾಕಿ ಬೇಕಾಗಲಿಲ್ಲ. ಅದು ದಿಬ್ಬದ ಮೇಲಿನಿಂದ ನೇರವಾಗಿ ಬಂತು. ಕುದುರೆ ಚಕ್ರದ ತಗಡಿಗೆ ಬಡಿಯಿತು, ಜಾರುಬಂಡೆಯ ಒಣಗಿದ ಕೊಳವೆಯೊಳಗೆ ಹೊಕ್ಕು ಇನ್ನೊಂದು ತುದಿಯಿಂದ ಹೊರಟಿತು. ಆಪರೇಟರನ ವಾಲಿದ ತಲೆ ಹುಟ್ಟಿದ ಮೇಲೆ ಮೊದಲ ಸಲ ನೆಟ್ಟಗಾಯಿತು. ಮೇಲೆ ಮೆಕ್ಯಾನಿಕ್ಕು ಒಂದು ಮೆಟ್ಟಿಲು ಕೆಳಗೆ ಜಾರಿದ್ದು ಕೆಳಗಿನವರಿಗೆ ಕಾಣಿಸಿತು.

ಅಲ್ಲಿಗೆ ನಿಲ್ಲಲಿಲ್ಲ. ಕಟ್ಟೆ ಒಡೆದಿತ್ತು.

“ಬರಲ್ಲ ಅಂದ್ನಲ್ಲ, ಎಷ್ಟು ಸಲ ಹೇಳಬೇಕು? ಯಾರು ನಿಲ್ಲಿಸು ಅಂದಿದ್ದು ನಿಮಗೆ? ಈಗ ಬರ್ತಿತ್ತು, ಗಂಟಲ ತನಕ ಬಂದಿತ್ತು, ಹಾಳಾದೋರು ಅಷ್ಟರಲ್ಲಿ ಬ್ರೇಕು ಹಾಕಿದ್ರಿ. ವಯಸ್ಸು ವಯಸ್ಸು ಅಂತೀರಲ್ಲ, ನಿಮಗೆ ಮಂಡಿನೋವು ಇರೋದು, ನನಗಲ್ಲ. ಇಳೀರಿ ಕೆಳಗೆ.”

ಧ್ವನಿ ಒರಟಾಗಿತ್ತು, ನಡುನಡುವೆ ಒಡೆಯುತ್ತಿತ್ತು, ಬಹಳ ಕಾಲ ಮುಚ್ಚಿಟ್ಟ ಬಾಗಿಲನ್ನು ಎಳೆದ ಹಾಗೆ. ಆದರೆ ಒಂದೊಂದು ಅಕ್ಷರವೂ ಸ್ಪಷ್ಟ.

“ಯಾರು ಅದು?” ಎಂದ ಮಗ.

“ಅಮ್ಮ,” ಎಂದಳು ಮಗಳು. ಅವಳು ಮೇಲೆ ನೋಡುತ್ತಲೇ ಕಲ್ಲುಬೆಂಚಿನ ಮೇಲೆ ಕೂತಳು. “ಅಮ್ಮನ ದನಿ ಹೀಗಿದೆಯಾ ಅಣ್ಣ?”

ಅಣ್ಣ ಕಿವಿಯ ಹಿಂದೆ ಕೈಯಿಟ್ಟು ಮೇಲೆ ನೋಡಿದ. ನಲವತ್ತು ದಾಟಿದ ಮೇಲೆ ಹೆತ್ತವಳ ದನಿಯನ್ನು ಅವನು ಕೇಳುತ್ತಿದ್ದದ್ದು ಇದೇ ಮೊದಲು.

ಆಪರೇಟರ್ ಮೈಕ್ ಮೇಡಂ ಕಡೆ ನೋಡಿದ. “ಕ್ಷೇಮ ಅಂತಲೇ ಅಲ್ವಾ ಮೇಡಂ ಇದರರ್ಥ?”

“ಇನ್ನೂ ಏನು ಹೇಳಬೇಕಿತ್ತು ನಿಮಗೆ?”

“ಬಿಡಬೇಡಿ, ಬಿಪಿ,” ಎಂದು ಮಗ ಮೈಕ್ ಮೇಡಂನ ತೋಳು ಹಿಡಿದ. ಮೈಕ್ ಮೇಡಂ ತೋಳು ಬಿಡಿಸಿಕೊಂಡಳು. “ಕೂತವರು ಹೇಳಿದ್ದೇ ಕೊನೆ. ನಮ್ಮ ನಿಯಮ,” ಎಂದಳು. ಈ ನಿಯಮ ತನಗೆ ಇಷ್ಟು ಇಷ್ಟವಾದೀತು ಎಂದು ಆಕೆಗೆ ಗೊತ್ತಿರಲಿಲ್ಲ. ಮೆಕ್ಯಾನಿಕ್ಕು ಪಕ್ಕಕ್ಕೆ ಸರಿದು ಕಂಬಿ ತಬ್ಬಿ ನಿಂತು ಕೈ ಎತ್ತಿದ. ಆಪರೇಟರ್ ಗುಂಡಿ ಒತ್ತಿದ.

ಬ್ರೇಕು ಬಿಟ್ಟ ಹಾವುರಾಣಿ ದಿಬ್ಬದಿಂದ ಉರುಳಿತು. ಈ ಸಲ ಕಿವಿ ವಾಲಿಸುವ ಅಗತ್ಯ ಯಾರಿಗೂ ಬೀಳಲಿಲ್ಲ. ಇಳಿಜಾರಿನುದ್ದಕ್ಕೂ ಒಂದೇ ಉಸಿರಿನ ಕಿರುಚಾಟ. ತಿರುವಿನಲ್ಲಿ ಅದು ಮುರಿದು ನಗುವಾಯಿತು, ನಗು ಮುಗಿಯುವ ಮುಂಚೆ ಮತ್ತೆ ಕಿರುಚಾಟ. ಅರ್ಥದ ಹಂಗಿಲ್ಲದ ಬರೀ ಸ್ವರ. ಗುಡಿಸುವವರಲ್ಲೊಬ್ಬಳು ಪೊರಕೆ ಬಿಟ್ಟು ಚಪ್ಪಾಳೆ ತಟ್ಟಿದಳು.

ರೈಲು ಬಂದು ನಿಂತಾಗ ಬೀಗರೆಲ್ಲ ಮೊದಲಿನಂತೆಯೇ ಬಿಗಿದುಕೊಂಡು ಕೂತಿದ್ದರು. ನಡುವೆ ಲೈಬ್ರರಿ ಅಮ್ಮನ ಕೂದಲು ಬಿಚ್ಚಿ ಮುಖದ ತುಂಬ ಹರಡಿತ್ತು, ಕನ್ನಡಕ ದಾರದಲ್ಲಿ ಬೆನ್ನಿಗೆ ಹೋಗಿತ್ತು. ಕಣ್ಣಲ್ಲಿ ನೀರಿತ್ತು, ಗಾಳಿಯದೋ ಇನ್ನೊಂದರದೋ. ಪಟ್ಟಿ ಎತ್ತಿದರೂ ಅವರು ಏಳಲಿಲ್ಲ.

ಮಗಳು ಹೋಗಿ ಅವರ ಕೂದಲು ಸರಿಸಿದಳು. ಏನೋ ಕೇಳಲು ಹೊರಟು, ಬಿಟ್ಟು, ಕನ್ನಡಕವನ್ನು ಮುಂದಕ್ಕೆ ತಂದು ಮೂಗಿನ ಮೇಲಿಟ್ಟಳು.

“ನೀವೆಲ್ಲ ಯಾವಾಗ ಬಂದ್ರಿ?” ಎಂದರು ಅಮ್ಮ. ಪಿಸುಮಾತಲ್ಲ. ಗಂಟಲು ಹರಿದು ಗೊಗ್ಗರಾಗಿತ್ತು. “ಇರಲಿ. ಇನ್ನೊಂದು ಸಲ ಬಿಡಿ.”

“ಕ್ಯಾಮೆರಾ ಆಫೇ ಇರಲಾ ಅಮ್ಮ? ಎಲ್ಲರನ್ನೂ ದೂರ ಕಳಿಸಲಾ?” ಎಂದು ಕೇಳಿದಳು ಮೈಕ್ ಮೇಡಂ, ಕೊಟ್ಟ ಮಾತಿನ ಚೂರುಪಾರನ್ನಾದರೂ ಉಳಿಸಿಕೊಳ್ಳಲು.

“ಯಾಕೆ? ಇರಲಿ ಬಿಡಿ, ಕೇಳಿಸ್ಕೊಳ್ಳಲಿ.”

ಮಗ ಮುಂದೆ ಬಂದ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಮ್ಮನ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟಿದ. ‘ಸಾಕು’ ಎಂದಿರಬೇಕು, ‘ಮನೆಗೆ ಹೋಗೋಣ’ ಎಂದೂ ಇದ್ದೀತು.

ಅಮ್ಮ ಅವನನ್ನೇ ನೋಡಿದರು.

“ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು.”

ಮಗ ಸುತ್ತ ನೋಡಿದ. ಆಪರೇಟರ್, ಗುಡಿಸುವವರು, ಮಂಡಿ ಹಿಡಿದುಕೊಂಡು ಇಳಿದುಬಂದ ಮೆಕ್ಯಾನಿಕ್ಕು, ಎಲ್ಲರೂ ಕಾಯುತ್ತಿದ್ದರು. ಅವನು ಉಸಿರೆಳೆದುಕೊಂಡ. ಕೆನ್ನೆ ಉಬ್ಬಿತು, ಕಿವಿ ಕೆಂಪಾಯಿತು.

“ಅಮ್ಮಾ, ಹೆದ್ರಿಕೆ ಆಗುತ್ತೆ,” ಎಂದ. ಮೊದಲ ಅರ್ಧ ಬಂತು, ಮಿಕ್ಕರ್ಧ ಕೀರಲಾಗಿ ನಡುದಾರಿಯಲ್ಲಿ ಕೈಕೊಟ್ಟಿತು.

“ಪರವಾಗಿಲ್ಲ,” ಎಂದರು ಅಮ್ಮ, ಪಕ್ಕದ ಸೀಟಿನ ಬೀಗರನ್ನು ಇಳಿಸುವಂತೆ ಮೆಕ್ಯಾನಿಕ್ಕಿಗೆ ಕೈಸನ್ನೆ ಮಾಡುತ್ತ. “ಮೊದಲ ಸಲಕ್ಕೆ ಅಷ್ಟೇ ಬರೋದು. ಬಾ, ಹತ್ತು.”